ತೂತು ಬೀಳಲಿ, ಓಡದಿದ್ದರೆ ಸಾಕು

ಅಕ್ಕಿ ಮೂಟೆಯ ಬಾಯಿ ಹೊಲಿಗೆ ಬಿಚ್ಚುವುದನ್ನು ನೋಡಿದ್ದೀರಲ್ಲ? ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರನೆ ಇಡೀ ಹೊಲಿಗೆ ಕೈಗೆ ಬರುತ್ತದೆ. ತಪ್ಪು ತುದಿ ಹಿಡಿದಿರೋ, ಎಳೆದಷ್ಟೂ ಬಿಗಿಯುತ್ತದೆ. ಕೊನೆಗೆ ಚಾಕು ತರಬೇಕು. ನಮ್ಮಜ್ಜಿ ಮಾತಾಡುತ್ತಲೇ ಒಂದು ಕೈಯಲ್ಲಿ ಬಿಚ್ಚಿ ದಾರವನ್ನು ಉಂಡೆ ಕಟ್ಟಿಡುತ್ತಿದ್ದರು. ಹೆಣಿಗೆ ಯಂತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದ ನಾನು ಈಗಲೂ ಎಷ್ಟೋ ಸಲ ಚಾಕು ಹುಡುಕುತ್ತೇನೆ.

ಕೆಲಸ ಕಲಿಯಲು ಬರುವ ಹುಡುಗರ ಕೈಗೆ ನಾನು ಮೊದಲು ಕೊಡುವುದು ಆ ಮೂಟೆಯ ಬಾಯಿಯನ್ನೇ. ಅಲ್ಲಿರುವುದು ಒಂದು ಕುಣಿಕೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಗಂಟು ಅನ್ನುವುದು ಎಲ್ಲೂ ಇಲ್ಲ. ಪ್ರತಿ ಕುಣಿಕೆಯ ಕುತ್ತಿಗೆ ಅದರ ಮುಂದಿನ ಕುಣಿಕೆಯ ಕೈಯಲ್ಲಿ. ಇಂಥ ಸರಪಳಿಗಳನ್ನು ನೂರಾರು ಸಂಖ್ಯೆಯಲ್ಲಿ ಅಕ್ಕಪಕ್ಕ ನಿಲ್ಲಿಸಿ, ಒಂದೇ ದಾರದಿಂದ ಎಲ್ಲವನ್ನೂ ಜೋಡಿಸಿ, ಕೊಳವೆಯಂತೆ ಸುತ್ತಿದರೆ ಅದೇ ಸ್ಟಾಕಿಂಗ್. ಅದಕ್ಕೆ ಏಣಿ ಬೀಳುವುದೂ, ಅಂದರೆ ಸಣ್ಣ ತೂತೊಂದು ಉದ್ದಕ್ಕೆ ಬಿಚ್ಚಿಕೊಳ್ಳುತ್ತಾ ಓಡುವುದೂ, ಮೂಟೆಯ ಬಾಯಿ ಬಿಚ್ಚಿಕೊಳ್ಳುವುದೂ ಮೂಲದಲ್ಲಿ ಒಂದೇ ಘಟನೆ.

ಈ ಮಾತು ಈಗ ನೆನಪಾಗಲು ಕಾರಣ ಮೇಜಿನ ಮೇಲಿರುವ ಒಂದು ಕಟ್ಟು. ವಿಮಾನದ ಪರಿಚಾರಿಕೆಯರಿಗೆಂದು ತಯಾರಾದ 20 ಡೆನಿಯರ್ (ದಾರ ಎಷ್ಟು ಸಪೂರ ಎಂಬುದರ ಅಳತೆ) ಟೈಟ್ಸ್, ಅಂದರೆ ಸೊಂಟದವರೆಗಿನ ಸ್ಟಾಕಿಂಗ್, ಒಂದೆರಡು ಸಲ ತೊಟ್ಟ ಮೇಲೆ ಏಣಿ ಬಿದ್ದು ವಾಪಸು ಬಂದವು. ಮಿಲ್ಲಿನವರು ಜೊತೆಗೊಂದು ಚೀಟಿ ಇಟ್ಟಿದ್ದರು: ‘ಉಗುರು, ಕಾಲುಂಗುರ. ನಮ್ಮ ತಪ್ಪಲ್ಲ.’ ಕಾಲುಂಗುರದ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ನಮ್ಮ ಕಡೆ ಸ್ಟಾಕಿಂಗಿಗೆ ಶತ್ರುಗಳು ಮೂರು: ಕಾಲುಂಗುರ, ಗೆಜ್ಜೆಯ ಕೊಂಡಿ, ಬೇಸಿಗೆಯಲ್ಲಿ ಒಡೆದ ಹಿಮ್ಮಡಿ. ಯುರೋಪಿನಲ್ಲಿ ಕುಳಿತು ಇವನ್ನು ವಿನ್ಯಾಸ ಮಾಡುವವರ ಲೆಕ್ಕದಲ್ಲಿ ಈ ಮೂರೂ ಇರುವುದಿಲ್ಲ. ಆ ಕಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ನಮ್ಮಲ್ಲಿ ಹೋಸಿಯರಿ ಅಂದರೆ ಬನಿಯನ್ನು, ಚಡ್ಡಿ, ತಿರುಪ್ಪೂರಿನ ಮಾಲು. ಇಂಗ್ಲಿಷರಿಗೆ ಅದು ಕಾಲಿನ ಉಡುಪು, ಅಂದರೆ ಕಾಲುಚೀಲ, ಸ್ಟಾಕಿಂಗ್, ಟೈಟ್ಸ್. ಎರಡೂ ಹೆಣಿಗೆಯೇ. ಆದರೆ ನಿಮ್ಮ ಬನಿಯನ್ನಿಗೆ ತೂತು ಬಿದ್ದರೆ ವರ್ಷಗಟ್ಟಲೆ ಅದು ತೂತಾಗಿಯೇ ಇರುತ್ತದೆ, ಸ್ಟಾಕಿಂಗಿನದು ಅರ್ಧ ಗಂಟೆಯಲ್ಲಿ ಮೊಣಕಾಲು ದಾಟುತ್ತದೆ. ಏಕೆ? ಹತ್ತಿಯ ನೂಲಿಗೆ ಮೈತುಂಬ ಕೂದಲು. ಒಂದು ಕುಣಿಕೆ ಇನ್ನೊಂದರೊಳಗಿಂದ ಜಾರಿಹೋಗಲು ನೋಡಿದರೆ ಆ ಕೂದಲು ಹಿಡಿದುಕೊಳ್ಳುತ್ತದೆ. ಶಾಲೆಯ ಮಕ್ಕಳ ಕಾಲುಚೀಲ ಹಿಮ್ಮಡಿಯಲ್ಲಿ ಸವೆದು ಜಾಲರಿಯಾಗುತ್ತದೆ, ಏಣಿ ಬೀಳುವುದು ಅಪರೂಪ. ನೈಲಾನ್ ಎಳೆಯೋ ಗಾಜಿನ ಸರಳಿನಂತೆ ನುಣುಪು.

ನುಣುಪು ಮಾತ್ರವಲ್ಲ, ಸಪೂರ ಕೂಡ. ಡೆನಿಯರ್ ಅಂದರೆ 9000 ಮೀಟರ್ ದಾರದ ತೂಕ, ಗ್ರಾಂಗಳಲ್ಲಿ. 15 ಡೆನಿಯರ್ ದಾರವನ್ನು ಒಂಬತ್ತು ಕಿಲೋಮೀಟರ್ ಉದ್ದಕ್ಕೆ ಬಿಚ್ಚಿಟ್ಟರೂ ಅದರ ತೂಕ ಮೂರು-ನಾಲ್ಕು ಟೀ ಚಮಚ ಸಕ್ಕರೆಯಷ್ಟೇ. ಹೆಣಿಗೆ ಯಂತ್ರದ ನಾಲ್ಕು ಇಂಚು ವ್ಯಾಸದ ಸಿಲಿಂಡರಿನ ಸುತ್ತ ಸಾಮಾನ್ಯವಾಗಿ 400 ಸೂಜಿಗಳು ನಿಂತಿರುತ್ತವೆ. ಅಂದರೆ ಸುತ್ತಳತೆಯ ಪ್ರತಿ ಇಂಚಿಗೆ ಸುಮಾರು 32 ಸೂಜಿ. ತೊಡೆಗೂ 400, ಕಣಕಾಲಿಗೂ 400. ಕಾಲಿನ ಆಕಾರ ಬರುವುದು ಸೂಜಿಯ ಸಂಖ್ಯೆಯಿಂದಲ್ಲ. ಮೇಲ್ಗಡೆ ಕುಣಿಕೆಯನ್ನು ದೊಡ್ಡದಾಗಿ, ಕೆಳಗಡೆ ಚಿಕ್ಕದಾಗಿ ಎಳೆದು, ಕೊನೆಗೆ ಕಾಲಿನ ಅಚ್ಚಿಗೆ ತೊಡಿಸಿ ಹಬೆ ಹಾಯಿಸುವುದರಿಂದ.

ಈಗ ಏಣಿ ಹೇಗೆ ಬೀಳುತ್ತದೆ ನೋಡಿ. ಹೆಣಿಗೆಯ ಬಟ್ಟೆಯಲ್ಲಿ ಅಡ್ಡಸಾಲು, ಕಂಬಸಾಲು ಎಂದು ಎರಡು. ಅಡ್ಡಸಾಲಿನಲ್ಲಿ ದಾರ ಹಾವಿನಂತೆ ಮೇಲೆ ಕೆಳಗೆ ಹರಿಯುತ್ತದೆ. ಕಂಬಸಾಲಿನಲ್ಲಿ ಕುಣಿಕೆಯ ಮೇಲೆ ಕುಣಿಕೆ. ಎಲ್ಲೋ ಒಂದು ಕಡೆ ದಾರ ತುಂಡಾಯಿತು ಅನ್ನಿ. ಆ ಕುಣಿಕೆ ಹಿಡಿದಿಟ್ಟಿದ್ದ ಹಿಂದಿನ ಕುಣಿಕೆಗೆ ಈಗ ಆಸರೆ ಇಲ್ಲ. ಅದು ಜಾರುತ್ತದೆ, ಅದು ಜಾರಿದಾಗ ಅದರ ಹಿಂದಿನದೂ. ಇನ್ನೊಂದು ದಿಕ್ಕಿನಲ್ಲಿ, ಎರಡು ಕುಣಿಕೆಗಳನ್ನು ಬುಡದಲ್ಲಿ ಸೇರಿಸುವ ಬಾಗು ಬಿಚ್ಚಿಕೊಳ್ಳುತ್ತಾ ಸಾಗುತ್ತದೆ. ಹೀಗೆ ತೂತಿನಿಂದ ಎರಡೂ ಕಡೆಗೆ ಓಟ. ಕಂಬಸಾಲು ಮಾಯವಾದ ಜಾಗದಲ್ಲಿ ಬರೀ ಅಡ್ಡ ದಾರಗಳು ಮೆಟ್ಟಿಲಿನಂತೆ ಉಳಿಯುತ್ತವೆ, ಅದಕ್ಕೇ ಏಣಿ ಎಂಬ ಹೆಸರು. ಒಂದು ಮುಖ್ಯ ಸಂಗತಿ: ಒಂದಡಿ ಉದ್ದದ ಏಣಿಯಲ್ಲೂ ನಿಜವಾಗಿ ತುಂಡಾದದ್ದು ಒಂದೇ ಜಾಗದಲ್ಲಿ. ಉಳಿದ ದಾರವೆಲ್ಲ ಕ್ಷೇಮ, ಕುಣಿಕೆ ಕಳಚಿಕೊಂಡಿದೆ ಅಷ್ಟೆ. ಹಿಂದೆ ಪಾಶ್ಚಾತ್ಯ ನಗರಗಳಲ್ಲಿ ಪುಟ್ಟ ಕೊಕ್ಕೆಸೂಜಿ ಹಿಡಿದು ಒಂದೊಂದೇ ಮೆಟ್ಟಿಲನ್ನು ಮತ್ತೆ ಕುಣಿಕೆ ಮಾಡುತ್ತಾ ಏಣಿ ರಿಪೇರಿ ಮಾಡುವ ಹೆಂಗಸರು ಇದ್ದದ್ದು ಇದರಿಂದಲೇ. ನಮ್ಮ ರಫೂ ಕೆಲಸದವರ ದೂರದ ನೆಂಟರು.

ಹಾಗಾಗಿ ನನ್ನ ವೃತ್ತಿಯಲ್ಲಿ ಪ್ರಶ್ನೆ ಎರಡು, ಜನ ಅವನ್ನು ಸದಾ ಒಂದೇ ಮಾಡುತ್ತಾರೆ. ದಾರ ತುಂಡಾಗದಂತೆ ಮಾಡುವುದು ಹೇಗೆ? ತುಂಡಾದ ಮೇಲೆ ಓಡದಂತೆ ಮಾಡುವುದು ಹೇಗೆ? ಮೊದಲನೆಯದು ನೂಲು ಮಾಡುವವರ ಕೆಲಸ, ಎರಡನೆಯದು ಹೆಣೆಯುವವರದು. 1930ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯವರು ತಮ್ಮ ಹೊಸ ನೂಲಿಗೆ ಹೆಸರು ಹುಡುಕುವಾಗ ‘ನೋ-ರನ್’ ಎಂಬುದೂ ಪಟ್ಟಿಯಲ್ಲಿತ್ತು, ಓಡದ್ದು ಎಂಬ ಅರ್ಥದಲ್ಲಿ. ನೂಲು ಗಟ್ಟಿ, ಆದರೆ ಅದರ ಸ್ಟಾಕಿಂಗ್ ಓಡಿಯೇ ಓಡುತ್ತದೆ ಎಂದು ಗೊತ್ತಿದ್ದರಿಂದ ಅದನ್ನು ಕೈಬಿಟ್ಟರು. ಅಕ್ಷರಗಳನ್ನು ತಿರುಗಿಸಿ ಮುರಿಗಿಸಿ ಕೊನೆಗೆ ನೈಲಾನ್ ಆಯಿತು. 1940ರ ಮೇ 15ರಂದು ಅಮೆರಿಕದಾದ್ಯಂತ ಅಂಗಡಿಗೆ ಬಂತು. ಈಗ ಕೆನಡಾದ ಶೀರ್‌ಟೆಕ್ಸ್‌ನಂಥವರು ಗುಂಡುನಿರೋಧಕ ಅಂಗಿಗೆ ಬಳಸುವ ಜಾತಿಯ ಪಾಲಿಎಥಿಲೀನ್ ಎಳೆಯಿಂದ ಟೈಟ್ಸ್ ಮಾಡುತ್ತಾರೆ. ಅದು ಮೊದಲ ಪ್ರಶ್ನೆಗೆ ಭರ್ಜರಿ ಉತ್ತರ. ಎರಡನೆಯದಕ್ಕೆ ಅಲ್ಲ, ಆ ಎಳೆ ನೈಲಾನಿಗಿಂತಲೂ ಜಾರು.

ಹೆಣೆಯುವವನ ಅತಿ ಹಳೆಯ ಆಯುಧ ಟಕ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸಾಮಾನ್ಯ ಹೆಣಿಗೆಯಲ್ಲಿ ಸೂಜಿ ಪೂರ್ತಿ ಮೇಲೇಳುತ್ತದೆ. ಕೊಕ್ಕೆಯಲ್ಲಿದ್ದ ಹಳೆಯ ಕುಣಿಕೆ ಸೂಜಿಯ ನಾಲಿಗೆ (ಕೊಕ್ಕೆಯನ್ನು ಮುಚ್ಚಿ ತೆರೆಯುವ ಪುಟ್ಟ ಚಿಲಕ) ದಾಟಿ ಕೆಳಗಿಳಿಯುತ್ತದೆ, ಕೊಕ್ಕೆಗೆ ಹೊಸ ದಾರ ಬೀಳುತ್ತದೆ, ಸೂಜಿ ಇಳಿಯುವಾಗ ಆ ದಾರ ಹಳೆಯ ಕುಣಿಕೆಯೊಳಗಿಂದ ಹೊಸ ಕುಣಿಕೆಯಾಗಿ ಬರುತ್ತದೆ. ಟಕ್ ಮಾಡಬೇಕಾದರೆ ಸೂಜಿಯನ್ನು ಅರ್ಧಕ್ಕೆ ಮಾತ್ರ ಎತ್ತುತ್ತೇವೆ. ಹಳೆಯ ಕುಣಿಕೆ ನಾಲಿಗೆ ದಾಟುವುದಿಲ್ಲ. ಹೊಸ ದಾರ ಬಂದು ಅದರ ಪಕ್ಕದಲ್ಲೇ ಕೊಕ್ಕೆಯಲ್ಲಿ ಕೂರುತ್ತದೆ. ಮುಂದಿನ ಸುತ್ತಿನಲ್ಲಿ ಇಬ್ಬರೊಳಗಿಂದಲೂ ಸೇರಿಸಿ ಒಂದೇ ಕುಣಿಕೆ ಎಳೆಯುತ್ತೇವೆ. ಫಲ ಏನು? ಆ ಜಾಗದಲ್ಲಿ ಕಾವಲು ಒಬ್ಬನಲ್ಲ, ಇಬ್ಬರು. ಒಂದು ದಾರ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಜೊತೆಗೆ ಹಳೆಯ ಕುಣಿಕೆ ಎರಡು ಸಾಲಿನ ಉದ್ದಕ್ಕೆ ಎಳೆದುಕೊಂಡು ಬಿಗಿಯಾಗಿರುವುದರಿಂದ, ಓಡಿ ಬಂದ ಏಣಿಗೆ ಅಲ್ಲಿ ದಾರಿ ಇಕ್ಕಟ್ಟು. ಒಂದು ಸಾಲಿನಲ್ಲಿ ಒಂದು ಸೂಜಿ ಬಿಟ್ಟು ಒಂದಕ್ಕೆ ಟಕ್, ಮುಂದಿನ ಸಾಲಿನಲ್ಲಿ ಜಾಗ ಬದಲಿಸಿ ಟಕ್. ಹೀಗೆ ಬಟ್ಟೆಯ ತುಂಬ ಹರಡಿದರೆ ಸಣ್ಣ ಕಾಳಿನಂಥ ಮೈಯುಳ್ಳ ಬಲೆ ಬರುತ್ತದೆ. ಮೈಕ್ರೋಮೆಶ್ ಎಂದು ಮಾರುವುದು ಈ ಮನೆತನದ ಹೆಣಿಗೆಯನ್ನೇ. ಏಣಿ ಅದರಲ್ಲೂ ಓಡಬಹುದು, ಆದರೆ ಕುಂಟುತ್ತಾ.

ಬೆಲೆ ಇಲ್ಲದೆ ಯಾವುದೂ ಬರುವುದಿಲ್ಲ. ಟಕ್ ಹಾಕಿದ ಬಟ್ಟೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಕುಗ್ಗುತ್ತದೆ, ನೋಡಲು ಮಂಜು ಮಂಜು. ಗಾಜಿನಂತೆ ತೆಳುವಾಗಿ ಕಾಣಬೇಕು, ಏಣಿಯೂ ಬೀಳಬಾರದು ಎಂದು ಖರೀದಿದಾರರು ಕೇಳಿದಾಗಲೆಲ್ಲ ನನಗೆ ಮದುವೆ ಮನೆಯ ಬೀಗರು ನೆನಪಾಗುತ್ತಾರೆ.

ಇನ್ನೊಂದು ಜಾಣತನ ಒಂದೇ ಕುಣಿಕೆಯನ್ನು ಅಗಲಿಸಿ ಪಕ್ಕದ ಸೂಜಿಗೂ ತೊಡಿಸುವುದು. ಒಬ್ಬ ಕೈಬಿಟ್ಟರೆ ನೆರೆಯವನು ಹಿಡಿಯುತ್ತಾನೆ. ಒಳ್ಳೆಯ ವಿದ್ಯೆ, ಆದರೆ ಯಂತ್ರ ನಿಧಾನ. ಇಡೀ ಕಾಲಿಗೆ ಇದನ್ನು ಹೆಣೆಯುವವರು ಈಗ ಕಡಿಮೆ.

ನಿಜವಾಗಿ ಓಡದ ಬಟ್ಟೆ ಬೇಕೆಂದರೆ ಬೇರೆಯೇ ಜಾತಿಯ ಯಂತ್ರಕ್ಕೆ ಹೋಗಬೇಕು. ಸೂಜಿಯಲ್ಲಿ ಪೋಣಿಸಿದ ಹೂವಿನ ಹಾರದ ದಾರ ಕಡಿದರೆ ಹೂವೆಲ್ಲ ನೆಲದ ಪಾಲು. ಕೈಯಲ್ಲಿ ಕಟ್ಟಿದ ಮಲ್ಲಿಗೆ ಮಾಲೆಯನ್ನು ಎಲ್ಲಿ ಕತ್ತರಿಸಿದರೂ ಆಚೀಚಿನ ಹೂವು ಕದಲುವುದಿಲ್ಲ, ಮೊಳದ ಲೆಕ್ಕದಲ್ಲಿ ಮಾರುವುದಕ್ಕೆ ಆಗುವುದು ಅದರಿಂದಲೇ. ಟ್ರೈಕಾಟ್, ರಾಶೆಲ್ ಎಂಬ ಹಾಸು-ಹೆಣಿಗೆ ಯಂತ್ರಗಳು ಬಟ್ಟೆಗೆ ಮಾಲೆಯ ಗುಣ ಕೊಡುತ್ತವೆ. ಅಲ್ಲಿ ಪ್ರತಿ ಸೂಜಿಗೂ ಅದರದೇ ದಾರ. ಆ ದಾರ ಹಾವಾಡಿದಂತೆ ಅಕ್ಕಪಕ್ಕದ ಕಂಬಗಳಿಗೆ ಹೋಗಿ ಬರುತ್ತಾ ಮೇಲೇರುತ್ತದೆ. ಎರಡು ಗುಂಪು ದಾರಗಳನ್ನು ಎದುರುಬದುರು ದಿಕ್ಕಿಗೆ ಆಡಿಸಿದರೆ ಏಣಿಗೆ ಅವಕಾಶವೇ ಇಲ್ಲ. ನಿಮ್ಮ ಮನೆಯ ಪಾಲಿಯೆಸ್ಟರ್ ಸೊಳ್ಳೆ ಪರದೆ ಬಹುಪಾಲು ಇದೇ ಹೆಣಿಗೆ: ಅಗರಬತ್ತಿ ತಗಲಿ ತೂತು ಬಿದ್ದರೆ ಅದು ಅಲ್ಲೇ ಇರುತ್ತದೆ, ಸೊಳ್ಳೆ ಬರಲು ಒಂದು ಕಿಟಕಿ, ಅಷ್ಟೆ. ಮೀನುಬಲೆಯಂಥ ಸ್ಟಾಕಿಂಗ್‌ಗಳೂ ಹೆಚ್ಚಾಗಿ ರಾಶೆಲ್ ಮಾಲೇ. ಹಾಗಾದರೆ ಎಲ್ಲ ಟೈಟ್ಸನ್ನೂ ಹೀಗೇ ಮಾಡಬಾರದೇಕೆ? ಮಂಡಿ ಮಡಚಿದಾಗ ಹಿಗ್ಗಿ, ಚಾಚಿದಾಗ ಚರ್ಮಕ್ಕೆ ಅಂಟಿ ಕೂರುವ ಗುಣ ಒಂಟಿ ದಾರದ ಕುಣಿಕೆಗಷ್ಟೇ ಇದೆ. ಕುಣಿಕೆಯಿಂದ ಕುಣಿಕೆಗೆ ದಾರ ಹರಿಯಬಲ್ಲದು ಎಂಬುದರಿಂದಲೇ ಆ ಹಿಗ್ಗು, ಅದರಿಂದಲೇ ಏಣಿ. 1589ರಲ್ಲಿ ಇಂಗ್ಲೆಂಡಿನ ಕ್ಯಾಲ್ವರ್ಟನ್‌ನಲ್ಲಿ ವಿಲಿಯಂ ಲೀ ಮೊದಲ ಸ್ಟಾಕಿಂಗ್ ಯಂತ್ರ ಕಟ್ಟಿದಾಗಲೂ ಇದೇ ವರ, ಇದೇ ಶಾಪ.

ಎಲಾಸ್ಟೇನ್, ಅಂದರೆ ಜನರ ಬಾಯಲ್ಲಿ ಲೈಕ್ರಾ, 1958ರಲ್ಲಿ ಬಂದ ಮೇಲೆ ಹೆಣೆಯುವವರ ಪಾಡು ಸುಧಾರಿಸಿತು. ಹಿಗ್ಗಿಸಿ ಹಿಡಿದ ಎಲಾಸ್ಟೇನ್ ಎಳೆಗೆ ನೈಲಾನ್ ಸುತ್ತಿ ನೂಲು ಮಾಡುತ್ತಾರೆ. ಹೆಣೆದ ಮೇಲೆ ಅದು ಕುಗ್ಗಿ ಒಂದೊಂದು ಕುಣಿಕೆಯ ಕತ್ತನ್ನೂ ಬಿಗಿಯುತ್ತದೆ. ಅಗ್ಗದ ಟೈಟ್ಸಿನಲ್ಲಿ ಒಂದು ಸಾಲು ಈ ನೂಲು, ಒಂದು ಸಾಲು ಬರೀ ನೈಲಾನ್. ಒಳ್ಳೆಯದರಲ್ಲಿ ಪ್ರತಿ ಸಾಲೂ ಇದೇ. ಡೆನಿಯರ್ ನೋಡಿ ಕೊಳ್ಳುವುದಕ್ಕಿಂತ ಇದನ್ನು ಕೇಳಿ ಕೊಳ್ಳುವುದು ಜಾಣತನ. ಆದರೂ ಇದು ಎರಡಲುಗಿನ ಕತ್ತಿ: ಎಲಾಸ್ಟೇನ್ ಕಡಿದರೆ ಎರಡೂ ತುದಿ ಒಳಕ್ಕೆ ಸೇದಿಕೊಂಡು ತೂತನ್ನು ಇನ್ನಷ್ಟು ಅಗಲಿಸುತ್ತವೆ.

ಅಂಗಡಿಯಲ್ಲಿ ಗಿರಾಕಿ ಪೊಟ್ಟಣದೊಳಗೆ ಬೆರಳಿಟ್ಟು ‘ಎಷ್ಟು ಮೆತ್ತಗಿದೆ’ ಅನ್ನುತ್ತಾರೆ. ಆ ಮೆತ್ತನೆಯ ಬಹುಭಾಗ ಬಣ್ಣ ಹಾಕಿದ ಮೇಲೆ ಕೊಟ್ಟ ಸಿಲಿಕೋನ್ ಸ್ನಾನದ್ದು. ಸಿಲಿಕೋನ್ ಹೆಚ್ಚಾದಷ್ಟೂ ಕುಣಿಕೆಗೆ ಎಣ್ಣೆ ಸವರಿದಂತೆ, ಏಣಿ ಇನ್ನೂ ಸಲೀಸು. ಅತಿ ಸಣ್ಣ ಸಿಲಿಕಾ ಕಣಗಳ ಲೇಪ ಕೊಟ್ಟರೆ ಎಳೆ ತುಸು ಒರಟಾಗಿ ಹಿಡಿತ ಬರುತ್ತದೆ, ಆದರೆ ಪೊಟ್ಟಣದೊಳಗಿನ ಬೆರಳಿಗೆ ಅದು ಹಿಡಿಸುವುದಿಲ್ಲ. ಮಾರಾಟ ವಿಭಾಗದವರ ಮುಂದೆ ನಾನು ಪ್ರತಿ ಸಲವೂ ಸೋಲುವ ವಾದ ಇದು.

ಮನೆಯಲ್ಲಿ ಮಾಡುವ ಉಪಾಯಗಳಲ್ಲಿ ನೇಲ್ ಪಾಲಿಶ್ ನಿಜವಾದದ್ದು: ಅದು ಅಂಟಾಗಿ ಕುಣಿಕೆಗಳನ್ನು ಬೆಸೆಯುತ್ತದೆ. ಏಣಿಯ ಎರಡೂ ತುದಿಗೆ ಹಚ್ಚಬೇಕು, ಒಂದೇ ತುದಿಗಲ್ಲ. ಹೊಸ ಟೈಟ್ಸನ್ನು ಫ್ರಿಜ್ಜಿನಲ್ಲಿಟ್ಟು ಹೆಪ್ಪುಗಟ್ಟಿಸಿದರೆ ಗಟ್ಟಿಯಾಗುತ್ತದೆ ಎನ್ನುವುದನ್ನು ಮರೆತುಬಿಡಿ. ಒಂದು ಅಳತೆ ಚಿಕ್ಕದನ್ನು ಕೊಳ್ಳಬೇಡಿ. ಹಿಗ್ಗಿ ನಿಂತ ಕುಣಿಕೆಗೆ ಓಡಲು ನೆಪ ಸಾಕು.

ಇನ್ನು ಆ ಕಟ್ಟು. ಭೂತಗನ್ನಡಿಯಲ್ಲಿ ನೋಡಿದಾಗ ಏಣಿಗಳ ಮೂಲ ಹಿಮ್ಮಡಿಯಲ್ಲೂ ಇರಲಿಲ್ಲ, ಕಾಲುಂಗುರ ಕೂರುವ ಬೆರಳ ಬುಡದಲ್ಲೂ ಇರಲಿಲ್ಲ. ಎಲ್ಲವೂ ಬೆರಳ ತುದಿಯ ಹೊಲಿಗೆಯಿಂದಲೇ ಹೊರಟಿದ್ದವು, ಅದೂ ಹೊಲಿಗೆಯ ರಂಧ್ರದಿಂದಲೇ. ಹೆಣಿಗೆ ಬಟ್ಟೆಯನ್ನು ತುದಿ ದುಂಡಗಿನ ಸೂಜಿಯಲ್ಲಿ ಹೊಲಿಯಬೇಕು. ಅದು ದಾರವನ್ನು ಪಕ್ಕಕ್ಕೆ ಸರಿಸಿ ಒಳಹೋಗುತ್ತದೆ. ಚೂಪು ಸೂಜಿಯೋ, ಮೊಂಡಾಗಿ ಮುಳ್ಳೆದ್ದ ಸೂಜಿಯೋ ಆದರೆ ದಾರವನ್ನೇ ಚುಚ್ಚಿ ಕಡಿಯುತ್ತದೆ. ಕಡಿದದ್ದು ಕಾರ್ಖಾನೆಯಲ್ಲಿ ಕಾಣುವುದಿಲ್ಲ, ಕಾಲಿಗೆ ತೊಟ್ಟು ಎಳೆದ ಕ್ಷಣ ಓಟ ಶುರು. ಸಾಮಾನ್ಯವಾಗಿ ಬೆರಳ ಹೊಲಿಗೆಗೆ ಮುಂಚೆ ಕೆಲವು ಸಾಲು ಟಕ್ ಹಾಕಿ ಒಂದು ಕಟ್ಟೆ ಕಟ್ಟುತ್ತಾರೆ, ಹೊಲಿಗೆಯಲ್ಲಿ ಹುಟ್ಟಿದ ಏಣಿ ಅಲ್ಲಿಗೇ ನಿಲ್ಲಲಿ ಎಂದು; ಮೇಲೆ ಸೊಂಟಪಟ್ಟಿಯ ಕೆಳಗೂ ಅಂಥದೇ ಇನ್ನೊಂದು. ಈ ಮಾಲಿನಲ್ಲಿ ಮೇಲಿನ ಕಟ್ಟೆ ಇತ್ತು, ಬೆರಳ ಕಡೆಯದು ಇರಲಿಲ್ಲ. ಕೇಳಿದೆ. ವೇಗ ಹೆಚ್ಚಿಸಲು ಯಂತ್ರದ ಪ್ರೋಗ್ರಾಮಿನಿಂದ ತೆಗೆದಿದ್ದರಂತೆ.

ಸೂಜಿ ಬದಲಾಯಿಸಿದರು, ಪ್ರತಿ ಪಾಳಿಗೊಂದು ಹೊಸದು ಎಂದು ಗೋಡೆಗೆ ಬರೆದು ಅಂಟಿಸಿದರು. ಕಟ್ಟೆಯನ್ನು ವಾಪಸು ಹಾಕುವ ಮಾತು ಇನ್ನೂ ‘ಪರಿಶೀಲನೆಯಲ್ಲಿದೆ.’ ಕಾಲುಂಗುರದ ಚೀಟಿ ನನ್ನ ಡ್ರಾಯರಿನಲ್ಲಿದೆ.