ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್: ಮಿದುಳಿನ ಆಜ್ಞೆ ಬೆರಳಿಗೆ ಬರುವ ಹಾದಿ

ಬೇಕೆಂದು ಮಾಡುವ ಚಲನೆಯ ಆಜ್ಞೆಯನ್ನು ಮಿದುಳಿನ ಹೊರಪದರದಿಂದ ಬೆನ್ನುಹುರಿಗೆ ಒಯ್ಯುವ ನರತಂತುಗಳ ಕಟ್ಟೇ ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್. ಒಂದೊಂದು ಬದಿಯಲ್ಲಿ ಸುಮಾರು 10 ಲಕ್ಷ ತಂತುಗಳಿರುತ್ತವೆ. ಮಿದುಳುಕಾಂಡದ ಕೆಳತುದಿಯಲ್ಲಿ ಇವು ಪಿರಮಿಡ್ ಎಂಬ ಉಬ್ಬನ್ನು ಹಾಯ್ದು ಹೋಗುವುದರಿಂದ ಪಿರಮಿಡಲ್ ಟ್ರ್ಯಾಕ್ಟ್ ಅಂತಲೂ ಕರೆಯುತ್ತಾರೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಕೈ ನೋಡಿ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕೂದಲಿಗಿಂತ ತೆಳುವಾದ ಎಳೆಯ ತುದಿ ಹುಡುಕಿ, ಎರಡೇ ಬೆರಳಲ್ಲಿ ಹಿಡಿದು, ಕಡಿಯದಂತೆ ಎತ್ತಬೇಕು. ಈ ನಾಜೂಕು ಬರುವುದು ಇದೇ ಹಾದಿಯಿಂದ. ಮನುಷ್ಯರಲ್ಲಿ ಇದರ ಕೆಲವು ತಂತುಗಳು ಬೆರಳಿನ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ನಡುವೆ ಯಾರ ಹಂಗೂ ಇಲ್ಲದೆ ನೇರವಾಗಿ ಮುಟ್ಟುತ್ತವೆ. ಹೊರಪದರದ ಚಲನಾ ಪಟ್ಟಿಯಲ್ಲೂ ಕೈಗೆ, ಮುಖಕ್ಕೆ ಸಿಕ್ಕಿರುವ ಜಾಗ ಇಡೀ ಬೆನ್ನಿಗೆ ಸಿಕ್ಕಿರುವುದಕ್ಕಿಂತ ಬಹಳ ದೊಡ್ಡದು.

ಹೊರಪದರದಿಂದ ಹೊರಟ ತಂತುಗಳು ಮಿದುಳಿನ ಆಳದಲ್ಲಿ ಇಂಟರ್ನಲ್ ಕ್ಯಾಪ್ಸೂಲ್ ಎಂಬ ಇಕ್ಕಟ್ಟಿನಲ್ಲಿ ಒತ್ತೊತ್ತಾಗಿ ಸೇರುತ್ತವೆ. ಪಿರಮಿಡ್‌ನ ಕೆಳಗೆ ಶೇ. 85ರಿಂದ 90ರಷ್ಟು ತಂತುಗಳು ಎದುರು ಬದಿಗೆ ದಾಟಿ ಬೆನ್ನುಹುರಿಯಲ್ಲಿ ಇಳಿಯುತ್ತವೆ. ಅಲ್ಲಿಂದ ಮುಂದೆ ಬೆನ್ನುಹುರಿಯಲ್ಲೇ ಇರುವ ಕೆಳಗಿನ ನರಕೋಶದ ಪಾಳಿ: ಅದರ ತಂತು ಸ್ನಾಯುವಿನವರೆಗೂ ಹೋಗಿ ಅಸಿಟೈಲ್‌ಕೋಲಿನ್ ಎಂಬ ಸಂದೇಶ ಒಯ್ಯುವ ರಾಸಾಯನಿಕವನ್ನು ಸುರಿಸುತ್ತದೆ, ಸ್ನಾಯು ಕುಗ್ಗುತ್ತದೆ. ಹೊರಪದರದಿಂದ ಅಂಗೈಯ ಸ್ನಾಯುವಿನವರೆಗೆ ಹಿಡಿಯುವ ಸಮಯ ಸುಮಾರು 20 ಮಿಲಿಸೆಕೆಂಡು. ಚಲನೆಯ ಅಳತೆ ತಿದ್ದುವುದು ಸೆರೆಬೆಲ್ಲಮ್, ಅಂದರೆ ಕಿರುಮಿದುಳು. ಯಾವುದನ್ನು ಶುರು ಮಾಡಬೇಕು, ಯಾವುದನ್ನು ತಡೆಯಬೇಕು ಎಂಬುದರಲ್ಲಿ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳ ಪಾತ್ರ ದೊಡ್ಡದು.

ಈ ಹಾದಿ ತಿಳಿದಿದ್ದರೆ ಲಕ್ವ ಅರ್ಥವಾಗುತ್ತದೆ. ಎಡಗೈ, ಎಡಗಾಲು ಬಿದ್ದುಹೋದರೆ ಪೆಟ್ಟು ಹೆಚ್ಚಾಗಿ ಬಲ ಮಿದುಳಿನಲ್ಲಿ. ಇಂಟರ್ನಲ್ ಕ್ಯಾಪ್ಸೂಲ್‌ನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡರೂ ಅರ್ಧ ಮೈ ಸೋಲಬಹುದು. ಹುಣಸೆ ಮರದಿಂದ ಬಿದ್ದು ಎದೆಯ ಮಟ್ಟದಲ್ಲಿ ಬೆನ್ನುಹುರಿ ಜಜ್ಜಿದರೆ ಎರಡೂ ಕಾಲು ಹೋಗುತ್ತವೆ, ಕೈ ಉಳಿಯುತ್ತವೆ. ಕುತ್ತಿಗೆಯಲ್ಲಾದರೆ ಕೈಗೂ ಪೆಟ್ಟು.

ಮಿದುಳಿನಿಂದ ಕೆಳಗಿನ ನರಕೋಶದವರೆಗಿನ ಮೇಲಿನ ಹಾದಿ ಕಡಿದಾಗ ಕೈಕಾಲು ಮೊದಲು ಜೋತುಬೀಳಬಹುದು. ದಿನಗಳೋ ವಾರಗಳೋ ಕಳೆದ ಮೇಲೆ ಬಿಗಿಯತೊಡಗುತ್ತವೆ. ಮನೆಯವರು ಅದನ್ನು ಶಕ್ತಿ ಮರಳಿತೆಂದು ತಿಳಿಯುವುದುಂಟು. ಅದು ಶಕ್ತಿಯಲ್ಲ, ಮಿದುಳಿನ ಹಿಡಿತ ತಪ್ಪಿದ ಬೆನ್ನುಹುರಿಯ ಬಿಗಿತ. ವೈದ್ಯರು ಅಂಗಾಲಿನ ಹೊರ ಅಂಚಿನಲ್ಲಿ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಗೀರಿದಾಗ ಹೆಬ್ಬೆರಳು ಕೆಳಗೆ ಬಾಗುವ ಬದಲು ಮೇಲೆದ್ದರೆ ಈ ಹಾದಿಗೆ ಪೆಟ್ಟಾಗಿದೆ ಎಂದರ್ಥ. 1896ರಲ್ಲಿ ಫ್ರಾನ್ಸಿನ ನರವೈದ್ಯ ಬಾಬಿನ್ಸ್ಕಿ ವಿವರಿಸಿದ ಈ ಗುರುತು ಎಳೆಮಕ್ಕಳಲ್ಲಿ ಮಾತ್ರ ಸಹಜ, ಅವರ ಹಾದಿಯಿನ್ನೂ ಬಲಿತಿರುವುದಿಲ್ಲ. ಪೋಲಿಯೊದಲ್ಲಿ ಸಾಯುವುದು ಕೆಳಗಿನ ನರಕೋಶ. ಹಾಗಾಗಿ ಆ ಕಾಲು ಬಿಗಿಯುವುದಿಲ್ಲ, ಸೊರಗುತ್ತದೆ.

ಲಕ್ವ ಹೊಡೆದ ಕೈಗೆ ಎಣ್ಣೆ ತಿಕ್ಕುತ್ತಾ ಕೂರುವುದು, ನಾಟಿ ಔಷಧಿಗೆ ಊರೂರು ಅಲೆಯುವುದು ನಮ್ಮ ಕಡೆ ಇನ್ನೂ ಇದೆ. ತೊಂದರೆ ಇರುವುದು ಕೈಯಲ್ಲಲ್ಲ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತವಾಗಬೇಕು. ಆದ್ದರಿಂದ 108ಕ್ಕೆ ಕರೆಮಾಡಿ, ಸಿ.ಟಿ. ಇರುವ ಆಸ್ಪತ್ರೆಗೇ ಹೋಗಿ, ರೋಗಿ ಕೊನೆಯದಾಗಿ ಸರಿಯಿದ್ದ ಹೊತ್ತು ಎಷ್ಟೆಂದು ಹೇಳಿ. ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬೇಡಿ: ನುಂಗುವ ಸ್ನಾಯುಗಳೂ ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಲೇಬೇಡಿ. ಹಿಡಿತವಿಲ್ಲದ ಭುಜದ ಕೀಲು ಜಾರುತ್ತದೆ, ಆ ನೋವು ಮುಂದೆ ಫಿಸಿಯೋಥೆರಪಿಗೂ ಅಡ್ಡ ಬರುತ್ತದೆ.