ಜಿಲ್ಲಾ ಪುಟದ ಬೇಲಿ

ಸಕಲೇಶಪುರದ ಕಡೆಯ ನಾಲ್ಕು ಜನ ಬೆಳೆಗಾರರು ಹಾಸನದ ನನ್ನ ಆಫೀಸಿಗೆ ಬಂದಿದ್ದರು. ಭೂಸ್ವಾಧೀನಕ್ಕೆ ಆಕ್ಷೇಪಣೆ ಹಾಕಬೇಕಿತ್ತು. ಅಧಿಸೂಚನೆ ಪ್ರಕಟವಾದ ದಿನದಿಂದ ಎಣಿಸಿದೆ, 69 ಆಗಿತ್ತು. ಕಾಯ್ದೆ ಕೊಡುವುದು 60. 'ಯಾವ ವಾಟ್ಸಾಪ್ ಗ್ರೂಪಲ್ಲೂ ಬರ್ಲಿಲ್ವಲ್ಲ ಸಾರ್' ಎಂದರು.

ಬಂದಿದ್ದು ಪತ್ರಿಕೆಯಲ್ಲಿ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಗೆಜೆಟ್ಟು, ಪಂಚಾಯಿತಿ ಬೋರ್ಡುಗಳ ಜೊತೆಗೆ ಆ ಭಾಗದಲ್ಲಿ ಓಡಾಡುವ 2 ದಿನಪತ್ರಿಕೆಗಳಲ್ಲೂ ಬರಬೇಕು, ಒಂದು ಕನ್ನಡದ್ದು. ಊರಿನವರು ಪೇಪರ್ ಓದುತ್ತಾರೆ ಎಂದು ಕಾನೂನು ಇವತ್ತಿಗೂ ನಂಬಿಕೊಂಡು ಕೂತಿದೆ. ಮೊದಲಾದರೆ ಅಷ್ಟು ಸಣ್ಣ ಅಕ್ಷರದ ನೋಟಿಸನ್ನು ತಾಲ್ಲೂಕು ವರದಿಗಾರ ನೋಡಿ, ಸರ್ವೆ ನಂಬರ್ ಹಿಡಿದು ಊರಿಗೆ ಹೋಗಿ, ಎರಡು ಕಾಲಂ ಸುದ್ದಿ ಮಾಡುತ್ತಿದ್ದ. ಈಗ ಅವನಿಗೆ ಸುದ್ದಿಯ ಜೊತೆ ಪುರವಣಿಯ ಜಾಹೀರಾತಿನ ಟಾರ್ಗೆಟ್ಟೂ ಇರುತ್ತದೆ. ಜಾಹೀರಾತು ಕೊಡುವವರಲ್ಲಿ ಗುತ್ತಿಗೆದಾರರೂ ಇರುತ್ತಾರೆ. ಉಳಿದದ್ದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಇಪ್ಪತ್ತು ವರ್ಷಗಳಿಂದ ರೈತ ಸಂಘ, ಪರಿಸರ ಬಳಗ, ಆನೆ ಹಾವಳಿ ಸಮಿತಿಗಳಿಗೆ ಕಾಗದಪತ್ರ ಮಾಡಿಕೊಡುತ್ತಿದ್ದೇನೆ. ಆಗೆಲ್ಲ ಒಬ್ಬ ಹಿರಿಯ ವರದಿಗಾರರನ್ನು ಕಂಡರೆ ನಮಗೆ ಕಿರಿಕಿರಿ. ಮನವಿಯ ಪ್ರತಿ ಕೊಟ್ಟರೆ ಕನ್ನಡಕ ಏರಿಸಿ ಕೇಳುವರು: 'ಎಷ್ಟು ಎಕರೆ? ಪಹಣಿ ಯಾರ ಹೆಸರಲ್ಲಿದೆ? ತಹಶೀಲ್ದಾರ್ ಏನಂದ್ರು?' ಉತ್ತರವಿಲ್ಲದಿದ್ದರೆ ಸುದ್ದಿಯೂ ಇಲ್ಲ. ಬೈದುಕೊಂಡು ಹೋಗಿ ಪಹಣಿ ತರುತ್ತಿದ್ದೆವು. ಎರಡು ವರ್ಷ ಬಿಟ್ಟು ಅದೇ ಪ್ರಶ್ನೆಯನ್ನು ಎದುರು ವಕೀಲರು ಕೇಳಿದಾಗ ಉತ್ತರ ನಮ್ಮ ಫೈಲಿನಲ್ಲಿ ಸಿದ್ಧವಿರುತ್ತಿತ್ತು.

ಈಗ ಸಂಘದವರೇ ಪ್ರಕಟಣೆ ಟೈಪಿಸಿ, ಫೋಟೊ ಅಂಟಿಸಿ ಕಳಿಸುತ್ತಾರೆ. ಮರುದಿನ ಅಕ್ಷರ ಬದಲಾಗದೆ ಅಚ್ಚಾಗುತ್ತದೆ, 'ಒತ್ತಾಯಿಸಿದ್ದಾರೆ' ಎಂಬ ಕೊನೆಯ ಪದದವರೆಗೆ. ಸಂಘಕ್ಕೆ ಖುಷಿ. ನನಗೆ ಭಯ. ಯಾರೂ ತಡೆದು ಕೇಳದ ಅಂಕಿಯೊಂದು ಅದರೊಳಗೆ ಕೂತಿರುತ್ತದೆ. ಕೋರ್ಟಿನಲ್ಲಿ ಅದೊಂದನ್ನು ಹಿಡಿದೇ ಇಡೀ ಅರ್ಜಿಯನ್ನು ಅಲ್ಲಾಡಿಸುತ್ತಾರೆ.

ಪತ್ರಿಕಾ ವರದಿ ತಾನಾಗಿಯೇ ಸಾಕ್ಷ್ಯವಲ್ಲ. ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದರೂ ಕಟಿಂಗ್ ಬೇಕು ಎನ್ನುತ್ತೇನೆ. ಅದರಲ್ಲಿ ತಾರೀಖಿರುತ್ತದೆ, ಅಧಿಕಾರಿ ಆಡಿದ ಮಾತಿರುತ್ತದೆ. 'ಸರ್ವೆ ಮುಗಿದಿದೆ' ಎಂದು ಅವರು ಹೇಳಿದ್ದು ಅಚ್ಚಾಗಿದ್ದರೆ, ಮಾಹಿತಿ ಹಕ್ಕಿನಲ್ಲಿ ಯಾವ ಫೈಲು ಕೇಳಬೇಕೆಂದು ನನಗೆ ಗೊತ್ತಾಗುತ್ತದೆ. ಯೂಟ್ಯೂಬ್ ಚಾನೆಲ್ಲಿನ ಹುಡುಗರು ತೋಟದಲ್ಲಿ ಆನೆ ಸತ್ತರೆ ಅರಣ್ಯ ಸಿಬ್ಬಂದಿಗಿಂತ ಮುಂಚೆ ಅಲ್ಲಿರುತ್ತಾರೆ, ಅದನ್ನು ಮೆಚ್ಚಲೇಬೇಕು. ಮರಣೋತ್ತರ ವರದಿ ಬರುವ ಹೊತ್ತಿಗೆ ಮಾತ್ರ ಯಾರೂ ಇರುವುದಿಲ್ಲ.

ಎತ್ತಿನಹೊಳೆ ನೋಡಿ. ಸಕಲೇಶಪುರದ ಹಳ್ಳಗಳಿಂದ 24.01 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಯ್ಯುವ ಯೋಜನೆ. 2006ರ ಪರಿಸರ ಅಧಿಸೂಚನೆಯಡಿ ಅನುಮತಿ ಬೇಕಿರುವ ಯೋಜನೆಯಾಗಿದ್ದರೆ ಸಾರ್ವಜನಿಕ ಅಹವಾಲಿಗೆ ಪತ್ರಿಕೆಯಲ್ಲಿ 30 ದಿನ ಮುಂಚೆ ನೋಟಿಸ್ ಬರಬೇಕಿತ್ತು. ಇದು ಕುಡಿಯುವ ನೀರಿನದು ಎಂದಾಗಿ ಆ ಬಾಗಿಲು ಮುಚ್ಚಿತು. ಹಾಗಾಗಿ ಚರ್ಚೆಗೆ ಉಳಿದದ್ದು ಪತ್ರಿಕೆಯ ಪುಟ. ಆದರೆ ಯಾವ ಪುಟ? ಒಂದೇ ಪತ್ರಿಕೆಯ ಕೋಲಾರದ ಪುಟದಲ್ಲಿ ನೀರು ಯಾವಾಗ ಬರುತ್ತದೆ ಎಂಬ ಪ್ರಶ್ನೆ, ಹಾಸನದ ಪುಟದಲ್ಲಿ ಗುಡ್ಡ ಯಾಕೆ ಕುಸಿಯಿತು ಎಂಬ ಪ್ರಶ್ನೆ. ಒಬ್ಬರ ಅಳಲು ಇನ್ನೊಬ್ಬರ ಮನೆಗೆ ತಲುಪಲೇ ಇಲ್ಲ. ಬೀಟಮ್ಮ ಎಂಬ ಕಾಡಾನೆಯ ಗುಂಪು ಬೇಲೂರಿನ ತೋಟ ಬಿಟ್ಟು ಚಿಕ್ಕಮಗಳೂರಿನ ಕಡೆ ನಡೆದರೆ ಸುದ್ದಿಯೂ ನಮ್ಮ ಪುಟ ಬಿಟ್ಟು ಹೋಗುತ್ತದೆ. ಆನೆಗಿಲ್ಲದ ಜಿಲ್ಲಾ ಗಡಿ ಪುಟಕ್ಕಿದೆ. ಎರಡು ಜಿಲ್ಲೆಯ ಸಮಿತಿಗಳು ಒಂದೇ ಬೇಡಿಕೆಯನ್ನು ಬೇರೆ ಬೇರೆ ಕಚೇರಿಗೆ ಕೊಟ್ಟು, ಪರಸ್ಪರ ಗೊತ್ತೇ ಇಲ್ಲದೆ ಕಾಯುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ.

ಅದಕ್ಕೇ ಈಚೆಗೆ ಬರುವ ಸಂಘಗಳಿಗೆ ನನ್ನ ಸಲಹೆ ಸ್ವಲ್ಪ ಹಳೇ ಕಾಲದ್ದು. ಒಬ್ಬರಾದರೂ ದಿನಾ ಗ್ರಂಥಾಲಯಕ್ಕೆ ಹೋಗಿ ಪಕ್ಕದ ಜಿಲ್ಲೆಯ ಆವೃತ್ತಿ ಸಿಕ್ಕರೆ ಅದನ್ನೂ ಸೇರಿಸಿ ನೋಟಿಸ್ ಪುಟ ನೋಡಲಿ. ಪ್ರಕಟಣೆ ಕಳಿಸುವ ಮುಂಚೆ ನಿಮ್ಮೊಳಗೇ ಒಬ್ಬ ಜಗಳಗಂಟನ ಕೈಗೆ ಕೊಟ್ಟು ಪ್ರಶ್ನೆ ಕೇಳಿಸಿ. ಅಂಥವರು ಪ್ರತಿ ಸಂಘದಲ್ಲೂ ಇರುತ್ತಾರೆ, ಸಾಮಾನ್ಯವಾಗಿ ಅವರನ್ನು ಪದಾಧಿಕಾರಿ ಮಾಡಿರುವುದಿಲ್ಲ.

ಆ ನಾಲ್ವರ ಆಕ್ಷೇಪಣೆಯನ್ನು ತಡವಾದ ಕಾರಣ ಬರೆದೇ ಸಲ್ಲಿಸುವುದೆಂದು ಮಾತಾಯಿತು. ಸಹಿ ಹಾಕುತ್ತಿರುವಾಗ ಒಬ್ಬರ ಫೋನ್ ಗುಂಯ್ಗುಟ್ಟಿತು. ತೋಟದ ಹತ್ತಿರ ಆನೆ ಇದೆ ಎಂಬ ಅರಣ್ಯ ಇಲಾಖೆಯ ಸಂದೇಶ. 'ಇದು ಮಾತ್ರ ಟೈಮಿಗೆ ಸರಿಯಾಗಿ ಬರ್ತದೆ ನೋಡಿ' ಎನ್ನುತ್ತ ಬಸ್ಸಿಗೆ ಓಡಿದರು.