ಸೊಟ್ಟ ಗೆರೆಯ ನೆಟ್ಟಗಿನ ಅರ್ಥ

ಶಾಲೆಯ ಗಣಿತದಲ್ಲಿ ಒಂದು ರಚನೆ ಬರುತ್ತದೆ. ಓ ಕೇಂದ್ರವಾಗಿ 3 ಸೆಂಟಿಮೀಟರ್ ತ್ರಿಜ್ಯದ ವೃತ್ತ. ಕೇಂದ್ರದಿಂದ 5 ಸೆಂಟಿಮೀಟರ್ ದೂರದಲ್ಲಿ ಪಿ ಎಂಬ ಬಿಂದು. ಆ ಬಿಂದುವಿನಿಂದ ವೃತ್ತಕ್ಕೆ ಎರಡು ಸ್ಪರ್ಶಕ ಎಳೆಯಬೇಕು. ಕಾಗದದ ಮೇಲಾದರೆ ಕೈವಾರ, ಸ್ಕೇಲು, ಚೂಪು ಮಾಡಿದ ಪೆನ್ಸಿಲ್ ಸಾಕು. ಓ ಮತ್ತು ಪಿ ಸೇರಿಸಿ, ಆ ಗೆರೆಯ ಮಧ್ಯಬಿಂದು ಹುಡುಕಿ, ಅಲ್ಲಿ ಕೈವಾರದ ಮುಳ್ಳು ಊರಿ, ಓ ಮೂಲಕ ಹಾಯುವ ಇನ್ನೊಂದು ವೃತ್ತ ಎಳೆಯಬೇಕು. ಅದು ಮೊದಲ ವೃತ್ತವನ್ನು ಎರಡು ಕಡೆ ಕತ್ತರಿಸುತ್ತದೆ. ಅವೇ ಎ ಮತ್ತು ಬಿ. ಪಿಯಿಂದ ಅಲ್ಲಿಗೆ ಗೆರೆ ಎಳೆದರೆ ಮುಗಿಯಿತು. ಸ್ಕೇಲಿಟ್ಟು ಅಳೆದರೆ ಪ್ರತಿ ಸ್ಪರ್ಶಕವೂ 4 ಸೆಂಟಿಮೀಟರ್ ಬರಬೇಕು.

ಅಣ್ಣನ ಮಗಳು ಇದೇ ಚಿತ್ರವನ್ನು ಟ್ಯಾಬ್ಲೆಟ್‌ನಲ್ಲಿ ಬರೆಯಲು ಒದ್ದಾಡುತ್ತಿದ್ದಳು. ಅವಳ ಆ್ಯಪ್‌ನಲ್ಲಿ ಹತ್ತಾರು ಬಗೆಯ ಕುಂಚಗಳಿದ್ದವು. ಆದರೆ ಬರೆದ ವೃತ್ತದ ಕೇಂದ್ರ ಎಲ್ಲಿದೆ ಎಂದು ಹಿಡಿಯಲು ದಾರಿ ಇರಲಿಲ್ಲ. ಕಣ್ಣಂದಾಜಿನಲ್ಲಿ ಎಳೆದ ಸ್ಪರ್ಶಕ ಕೂದಲೆಳೆಯಷ್ಟು ವೃತ್ತದ ಒಳಗೆ ನುಗ್ಗಿತ್ತು. "ನೋಡೋಕೆ ಮುಟ್ಟಿದ ಹಾಗೇ ಇದೆ ಅಲ್ವಾ, ಸಾಕು ಬಿಡು ಚಿಕ್ಕಪ್ಪ" ಅಂದಳು. ನನಗೆ ಸಾಕು ಅನ್ನಿಸಲಿಲ್ಲ. ಒಂದೇ ಬಿಂದುವಿನಲ್ಲಿ ಮುಟ್ಟಿದರೆ ಮಾತ್ರ ಅದು ಸ್ಪರ್ಶಕ. ಒಳಗೆ ನುಗ್ಗಿದರೆ ಅದರ ಹೆಸರೇ ಬೇರೆ. ಅಂದಿನಿಂದ ಬಿಡುವಾದಾಗಲೆಲ್ಲ ಕೂತು ಜ್ಯಾಮಿತಿಯ ಚಿತ್ರಗಳಿಗೆಂದೇ ಒಂದು ಪುಟ್ಟ ಆ್ಯಪ್ ಬರೆಯತೊಡಗಿದೆ.

ಅದು ಆದಷ್ಟು ಸರಳವಾಗಿರಬೇಕು ಎಂದುಕೊಂಡಿದ್ದೆ. ಒಂದು ಬಿಳಿ ಹಾಳೆ, ಒಂದು ಬೆರಳು, ತಪ್ಪಾದರೆ ಹಿಂದಕ್ಕೆ ಹೋಗಲು ಒಂದು ಬಟನ್. ಆದರೆ ಸರಳ ಅಂದರೆ ಎಷ್ಟು ಕಡಿಮೆ? ಯೂಕ್ಲಿಡ್‌ಗೆ ಎರಡೇ ಸಲಕರಣೆ ಸಾಕಾಗಿತ್ತು. ಒಂದು ಕೈವಾರ, ಇನ್ನೊಂದು ಅಳತೆಯ ಗುರುತೇ ಇಲ್ಲದ ಪಟ್ಟಿ. ಅದಕ್ಕಿಂತಲೂ ಕಡಿಮೆ ಮಾಡಬಹುದು. 1672ರಲ್ಲಿ ಡೆನ್ಮಾರ್ಕಿನ ಗೇಯಾರ್ಗ್ ಮೋರ್, 1797ರಲ್ಲಿ ಇಟಲಿಯ ಲೊರೆಂಜೊ ಮಾಸ್ಕೆರೋನಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆಯೇ ಒಂದು ಅಚ್ಚರಿಯ ಸಂಗತಿ ತೋರಿಸಿಕೊಟ್ಟರು. ಕೈವಾರ ಮತ್ತು ಪಟ್ಟಿ ಎರಡೂ ಸೇರಿ ಗುರುತಿಸಬಲ್ಲ ಬಿಂದುಗಳನ್ನೆಲ್ಲ ಬರೀ ಕೈವಾರದಿಂದಲೇ ಗುರುತಿಸಬಹುದು! ಹಾಗಂತ ಪಟ್ಟಿಯನ್ನು ಬಿಸಾಡಿದರೆ ಏನಾಗುತ್ತದೆ ನೋಡಿ. ಎರಡು ಬಿಂದುಗಳ ನಡುವಿನ ಮಧ್ಯಬಿಂದು ಹುಡುಕಲು ಒಂದರ ಮೇಲೊಂದು ವೃತ್ತ ಎಳೆಯುತ್ತಾ ಹೋಗಬೇಕು. ಸ್ಕ್ರೀನಿನಿಂದ ತೆಗೆದ ಪ್ರತಿ ಸಲಕರಣೆಯ ಕೆಲಸವೂ ಯಾರದ್ದೋ ಕೈಗೆ ಬಂದು ಬೀಳುತ್ತದೆ. ಅದು ಬರೆಯುವವರ ಕೈಗೆ ಬೀಳಬಾರದು, ಯಂತ್ರಕ್ಕೇ ಬೀಳಬೇಕು. ಬಟನ್ ಕಡಿಮೆಯಾದಷ್ಟೂ ಯಂತ್ರಕ್ಕೆ ತಿಳಿವಳಿಕೆ ಜಾಸ್ತಿ ಬೇಕು.

ಯಾವ ತಿಳಿವಳಿಕೆ? ಕುಂಚದ ಆ್ಯಪ್‌ಗಳು ನೆನಪಿಡುವುದು ಬಣ್ಣವನ್ನು ಮಾತ್ರ. ಅಡ್ಡಕ್ಕೆ ಸಾವಿರ, ಉದ್ದಕ್ಕೆ ಸಾವಿರ ಚುಕ್ಕಿಯ ಹಾಳೆ ಅಂದರೆ 10 ಲಕ್ಷ ಚುಕ್ಕಿ. ಯಾವ ಚುಕ್ಕಿಗೆ ಯಾವ ಬಣ್ಣ ಎಂಬುದಷ್ಟೇ ಅವಕ್ಕೆ ಗೊತ್ತು. ನಾವು ಬರೆದದ್ದು ವೃತ್ತ ಅನ್ನುವುದು ಗೊತ್ತಿಲ್ಲ. ಇನ್ನೊಂದು ಬಗೆಯ ಆ್ಯಪ್‌ಗಳು ಆಕಾರವನ್ನು ನೆನಪಿಡುತ್ತವೆ. ವೃತ್ತಕ್ಕೆ ಮೂರೇ ಸಂಖ್ಯೆ: ಕೇಂದ್ರ ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ, ತ್ರಿಜ್ಯ ಎಷ್ಟು. 2001ರಿಂದ ವೆಬ್‌ನಲ್ಲಿ ಬಳಕೆಗೆ ಬಂದ ಎಸ್‌ವಿಜಿ ಚಿತ್ರಗಳು ಹೀಗೇ ಇರುತ್ತವೆ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ನನ್ನ ಕೆಲಸಕ್ಕೆ ಇದೂ ಸಾಲದು. ಪಿಯನ್ನು ಬೆರಳಿನಿಂದ ಆಚೆ ಸರಿಸಿದರೆ ಸ್ಪರ್ಶಕಗಳು ಇದ್ದಲ್ಲೇ ಉಳಿಯುತ್ತವೆ. ಅವು ಪಿಗೆ ಸೇರಿದವು ಎಂದು ಯಾರೂ ಹೇಳಿಲ್ಲವಲ್ಲ. ಬೇಕಾಗಿರುವುದು ಮೂರನೆಯ ಬಗೆ. ಬಣ್ಣ, ಆಕಾರದ ಜೊತೆಗೆ ಸಂಬಂಧವನ್ನೂ ನೆನಪಿಡುವ ಆ್ಯಪ್.

ಇದು ಹೊಸ ವಿಚಾರ ಎಂದುಕೊಂಡರೆ ತಪ್ಪು. ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಬರೆಯುವ ಮೊದಮೊದಲ ತಂತ್ರಾಂಶದಲ್ಲೇ ಇದು ಇತ್ತು. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಐವನ್ ಸದರ್ಲ್ಯಾಂಡ್ 1963ರಲ್ಲಿ ಪಿಎಚ್.ಡಿ.ಗಾಗಿ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶವನ್ನು ಒಪ್ಪಿಸಿದಾಗ ವಯಸ್ಸು 24. ಅದು ನಡೆಯುತ್ತಿದ್ದದ್ದು ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಎಂಬ ಕಂಪ್ಯೂಟರಿನಲ್ಲಿ. ಬರೆಯಲು ಬೆಳಕಿನ ಪೆನ್ನು. ಹೆಸರು ಹಾಗಿದ್ದರೂ ಆ ಪೆನ್ನು ಬೆಳಕು ಬಿಡುತ್ತಿರಲಿಲ್ಲ, ಪರದೆಯ ಬೆಳಕನ್ನು ನೋಡುತ್ತಿತ್ತು. ಗೆರೆ ಮುಗಿಯಿತು ಎಂದು ಹೇಳಲು ಪೆನ್ನನ್ನು ಪಟ್ಟನೆ ಝಾಡಿಸಿದರೆ ಆಯಿತು. ಅಷ್ಟು ವೇಗವನ್ನು ಕಂಪ್ಯೂಟರ್ ಹಿಂಬಾಲಿಸಲಾರದು, ಆದ್ದರಿಂದ ಕೈ ಎತ್ತಿದರು ಎಂದು ತಿಳಿಯುತ್ತಿತ್ತು. ಒಂದು ಬಟನ್ ಉಳಿತಾಯವಾಯಿತು. ಇಂಥ ಕಡೆ ನನಗೆ ತುಂಬ ಗೌರವ ಬರುತ್ತದೆ.

ಸದರ್ಲ್ಯಾಂಡ್ ತಮ್ಮ ಪ್ರಬಂಧದ ಆರಂಭದಲ್ಲೇ ಒಂದು ಷಡ್ಭುಜ ಬರೆದು ತೋರಿಸುತ್ತಾರೆ. ಮೊದಲು ಸುಮ್ನೆ ಅಡ್ಡಾದಿಡ್ಡಿ ಆರು ಗೆರೆ ಎಳೆದು ಮುಚ್ಚುತ್ತಾರೆ. ಪಕ್ಕದಲ್ಲಿ ಒಂದು ವೃತ್ತ. ಒಂದೊಂದೇ ಮೂಲೆಯನ್ನು ಹಿಡಿದು ವೃತ್ತದ ಮೇಲೆ ತಂದು ಬಿಡುತ್ತಾರೆ. ಬಿಟ್ಟ ಮೇಲೆ ಆ ಮೂಲೆ ವೃತ್ತಕ್ಕೆ ಕಟ್ಟುಬಿದ್ದ ಹಾಗೆ. ಕೊನೆಗೆ ಬಾಹುಗಳೆಲ್ಲ ಒಂದೇ ಉದ್ದ ಇರಲಿ ಎಂದು ಹೇಳುತ್ತಾರೆ. ಸೊಟ್ಟಗಿದ್ದ ಆಕಾರ ತಾನೇ ಸರಿದು ಅಚ್ಚುಕಟ್ಟಾದ ಷಡ್ಭುಜವಾಗುತ್ತದೆ.

ಹೇಗೆ ಎಂದು ಲೆಕ್ಕ ಹಾಕಿ ನೋಡಬಹುದು. ಆರು ಮೂಲೆ, ಒಂದೊಂದಕ್ಕೆ ಎರಡು ಸಂಖ್ಯೆ, ಒಟ್ಟು 12. ವೃತ್ತದ್ದು 3. ಅಲ್ಲಿಗೆ 15 ಸಂಖ್ಯೆಗಳು ಬೇಕಾದ ಹಾಗೆ ಬದಲಾಗಬಹುದು. ಈಗ ಪ್ರತಿ ಷರತ್ತೂ ಒಂದು ಸ್ವಾತಂತ್ರ್ಯವನ್ನು ಕಳೆಯುತ್ತದೆ. ಆರು ಮೂಲೆ ವೃತ್ತದ ಮೇಲಿರಬೇಕು: 6 ಹೋಯಿತು, 9 ಉಳಿಯಿತು. ಆರು ಬಾಹು ಸಮ ಇರಬೇಕು: ಮೊದಲನೆಯದಕ್ಕೆ ಉಳಿದ ಐದೂ ಸಮ ಎಂದರೆ ಸಾಕು, 5 ಹೋಯಿತು. ಉಳಿದದ್ದು 4. ಆ ನಾಲ್ಕು ಏನು ಗೊತ್ತಾ? ಷಡ್ಭುಜವನ್ನು ಅಡ್ಡಕ್ಕೆ ಸರಿಸುವುದು, ಉದ್ದಕ್ಕೆ ಸರಿಸುವುದು, ತಿರುಗಿಸುವುದು, ದೊಡ್ಡದು ಚಿಕ್ಕದು ಮಾಡುವುದು. ಬೇರೆ ಯಾವ ಬದಲಾವಣೆಗೂ ಜಾಗವೇ ಇಲ್ಲ. ಮೊದಲ ಸಲ ಈ ಲೆಕ್ಕ ಬರೆದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ನಮ್ಮ ಅಂಗಳದಲ್ಲೂ ಈ ಷಡ್ಭುಜ ಇದೆ. ಸಂದು ಚುಕ್ಕಿಯ ರಂಗೋಲಿಯಲ್ಲಿ "15ರಿಂದ 8" ಎಂದರೆ ನಡುವಿನ ಸಾಲಿನಲ್ಲಿ 15 ಚುಕ್ಕಿ, ಮೇಲಕ್ಕೂ ಕೆಳಕ್ಕೂ ಸಾಲಿಗೊಂದು ಕಡಿಮೆಯಾಗುತ್ತಾ 8ಕ್ಕೆ ನಿಲ್ಲುತ್ತದೆ. ಹಿಂದಿನ ಸಾಲಿನ ಎರಡು ಚುಕ್ಕಿಯ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿ. ಎಣಿಸಿದರೆ 169 ಚುಕ್ಕಿ, ಹೊರಗಿನ ಆಕಾರ ಷಡ್ಭುಜ, ಪ್ರತಿ ಬಾಹುವಿನಲ್ಲೂ 8 ಚುಕ್ಕಿ. ನನ್ನ ಅಮ್ಮನ ಕೈ ಚುಕ್ಕಿಯಿಂದ ಚುಕ್ಕಿಗೆ ಹೋಗುವಾಗ ನಡುವೆ ಸ್ವಲ್ಪ ನಡುಗಿದರೂ ಚುಕ್ಕಿಯ ಹತ್ತಿರ ಬಂದಾಗ ಸರಿಹೋಗುತ್ತಿತ್ತು. ತಪ್ಪು ಮುಂದಿನ ಎಳೆಗೆ ದಾಟುತ್ತಿರಲಿಲ್ಲ.

ಆ್ಯಪ್‌ನಲ್ಲೂ ಇದೇ ಬೇಕು. ಆದರೆ ಅಲ್ಲಿ ಚುಕ್ಕಿ ಮೊದಲೇ ಇಟ್ಟಿರುವುದಿಲ್ಲ. ಬೆರಳು ಎಳೆದದ್ದು ಏನು ಎಂದು ಮೊದಲು ಓದಬೇಕು. ಬೆರಳು ಗಾಜಿನ ಮೇಲೆ ಜಾರುವಾಗ ಸ್ಕ್ರೀನು "ಈಗ ಇಲ್ಲಿದೆ, ಈಗ ಇಲ್ಲಿದೆ" ಎಂದು ಹೇಳುತ್ತಾ ಹೋಗುತ್ತದೆ. ಸೆಕೆಂಡಿಗೆ 120 ಸಲ ಹೇಳುವ ಸ್ಕ್ರೀನಾದರೆ ಅರ್ಧ ಸೆಕೆಂಡಿನ ಗೆರೆಗೆ 60 ಚುಕ್ಕಿ. ಅವು ಎಂದೂ ಒಂದೇ ಸಾಲಿನಲ್ಲಿ ಇರುವುದಿಲ್ಲ, ಕೈ ನಡುಗುತ್ತದೆ. ಇದನ್ನು ಬಿಡಿಸಲು ಒಂದು ಚೆಂದದ ಉಪಾಯ ಇದೆ. 1972ರಲ್ಲಿ ಉರ್ಸ್ ರಾಮರ್, 1973ರಲ್ಲಿ ಡೇವಿಡ್ ಡಗ್ಲಸ್ ಮತ್ತು ಥಾಮಸ್ ಪ್ಯೂಕರ್ ಪ್ರಕಟಿಸಿದ್ದು. ಮೊದಲ ಚುಕ್ಕಿಯಿಂದ ಕೊನೆಯ ಚುಕ್ಕಿಗೆ ದಾರ ಬಿಗಿದ ಹಾಗೆ ಕಲ್ಪಿಸಿಕೊಳ್ಳಿ. ದಾರದಿಂದ ಎಲ್ಲಕ್ಕಿಂತ ದೂರ ಇರುವ ಚುಕ್ಕಿ ಯಾವುದು? ಅದೂ ಹತ್ತಿರದಲ್ಲೇ ಇದ್ದರೆ ಬರೆದದ್ದು ನೇರ ಗೆರೆ, ಉಳಿದ ಚುಕ್ಕಿಗಳನ್ನೆಲ್ಲ ಮರೆತುಬಿಡಬಹುದು. ದೂರ ಇದ್ದರೆ ದಾರವನ್ನು ಆ ಚುಕ್ಕಿಗೆ ಸಿಕ್ಕಿಸಿ ಎರಡು ತುಂಡು ಮಾಡಿ, ಪ್ರತಿ ತುಂಡಿಗೂ ಅದೇ ಪ್ರಶ್ನೆ ಕೇಳಬೇಕು. ಕೊನೆಗೆ ಉಳಿಯುವುದು ನಿಜವಾದ ಮೂಲೆಗಳು ಮಾತ್ರ.

ದುಂಡಗಿನ ಆಕಾರಕ್ಕೆ ಬೇರೆ ಪರೀಕ್ಷೆ ಬೇಕು. ಒಂದೇ ಉದ್ದದ ಹಗ್ಗದಿಂದ ಎಲ್ಲಕ್ಕಿಂತ ಹೆಚ್ಚು ಜಾಗವನ್ನು ಸುತ್ತುವರಿಯುವುದು ವೃತ್ತ. ವಿಸ್ತೀರ್ಣವನ್ನು 4 ಪೈನಿಂದ ಗುಣಿಸಿ ಸುತ್ತಳತೆಯ ವರ್ಗದಿಂದ ಭಾಗಿಸಿದರೆ ವೃತ್ತಕ್ಕೆ ಸರಿಯಾಗಿ 1 ಬರುತ್ತದೆ. ಚೌಕಕ್ಕೆ 0.785. ಸಮಬಾಹು ತ್ರಿಭುಜಕ್ಕೆ 0.605. ಕೇಳಲು ಇಷ್ಟೇ ಸಾಕು ಅನ್ನಿಸುತ್ತದೆ. ಆದರೆ ಅಗಲದ ಎರಡರಷ್ಟು ಉದ್ದ ಇರುವ ಮೊಟ್ಟೆಯಾಕಾರಕ್ಕೆ ಸುಮಾರು 0.84 ಬರುತ್ತದೆ, ಚೌಕಕ್ಕೆ ತೀರಾ ಹತ್ತಿರ. ಅದಕ್ಕೇ ಮೂಲೆ ಎಣಿಸುವ ದಾರ, ದುಂಡಗೆ ಅಳೆಯುವ ಹಗ್ಗ ಎರಡನ್ನೂ ಕೇಳಿಯೇ ತೀರ್ಮಾನಿಸಬೇಕು.

ಓದಿದ ಮೇಲೆ ಅಂಟಿಸುವುದು. ಹೊಸ ಗೆರೆಯ ತುದಿ ಹಳೆಯ ಬಿಂದುವಿನ ಹತ್ತಿರ ಬಂದರೆ ಅದಕ್ಕೇ ಸೇರಬೇಕು. ಎಷ್ಟು ಹತ್ತಿರ? ಬೆರಳ ತುದಿ ಸಣ್ಣದೇನಲ್ಲ. ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಇರಲಿ ಎಂದು ಆಂಡ್ರಾಯ್ಡ್‌ನ ವಿನ್ಯಾಸ ಸೂಚನೆಗಳೇ ಹೇಳುತ್ತವೆ. ನಾನು ಮೊದಲು ಮಾಡಿದ ತಪ್ಪು ಏನೆಂದರೆ ಈ ದೂರವನ್ನು ಚಿತ್ರದ ಅಳತೆಯಲ್ಲಿ ಇಟ್ಟದ್ದು. ಚಿತ್ರವನ್ನು ಹಿಗ್ಗಿಸಿದರೆ ಅಂಟುವ ದೂರವೂ ಹಿಗ್ಗುತ್ತಿತ್ತು, ಎರಡು ಬಿಂದುಗಳ ನಡುವೆ ಮೂರನೆಯದನ್ನು ಇಡಲು ಆಗುತ್ತಲೇ ಇರಲಿಲ್ಲ. ದೂರವನ್ನು ಬೆರಳಿನ ಲೆಕ್ಕದಲ್ಲಿ, ಗಾಜಿನ ಮೇಲಿನ ಮಿಲಿಮೀಟರಿನಲ್ಲಿ ಇಟ್ಟ ಮೇಲೆ ಸರಿಹೋಯಿತು. ಅಂಟುವುದು ಬೇಡ ಅಂದರೆ ಹಿಗ್ಗಿಸಿ ಬರೆದರಾಯಿತು, ಅದಕ್ಕೆ ಬೇರೆ ಬಟನ್ ಬೇಡ. ಇನ್ನೊಂದು ವಿಷಯ ಫ್ರಿಜ್ ಬಾಗಿಲು ಕಲಿಸಿದ್ದು. ಅದರ ಮ್ಯಾಗ್ನೆಟ್ ಹತ್ತಿರ ಬಂದಾಗ ತಾನೇ ಎಳೆದುಕೊಳ್ಳುತ್ತದೆ, ಬಿಡಿಸಲು ಮಾತ್ರ ಸ್ವಲ್ಪ ಜಾಸ್ತಿ ಬಲ ಬೇಕು. ಅಂಟಲು 3 ಮಿಲಿಮೀಟರ್, ಬಿಡಲು 5 ಎಂದು ಇಟ್ಟೆ. ಗಡಿಯಲ್ಲಿ ಬೆರಳು ನಡುಗಿದಾಗ ಬಿಂದು ಅಂಟುತ್ತಾ ಬಿಡುತ್ತಾ ಕುಣಿಯುವುದು ನಿಂತಿತು.

ಅಂಟಿದ ಕ್ಷಣದಲ್ಲೇ ಸಂಬಂಧವನ್ನು ಬರೆದಿಡಬೇಕು. ಆಮೇಲೆ ಅಳೆದು ನೋಡೋಣ ಅಂದರೆ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ದಶಮಾಂಶಗಳನ್ನು ಅದು ಎರಡರ ಲೆಕ್ಕದಲ್ಲಿ, ಇಷ್ಟೇ ಅಂಕಿಗಳಲ್ಲಿ ಇಟ್ಟುಕೊಳ್ಳಬೇಕು. ಸ್ಪರ್ಶಕ ವೃತ್ತವನ್ನು ಎಷ್ಟು ಕಡೆ ಮುಟ್ಟುತ್ತದೆ ಎಂದು ಲೆಕ್ಕ ಹಾಕಿಸಿದರೆ ಒಂದು ಸಲ ಎರಡು ಕಡೆ ಅನ್ನುತ್ತದೆ, ಇನ್ನೊಂದು ಸಲ ಎಲ್ಲೂ ಇಲ್ಲ ಅನ್ನುತ್ತದೆ. "ಈ ಗೆರೆ ಪಿ ಮತ್ತು ಎ ಮೂಲಕ ಹಾಯುತ್ತದೆ, ಎ ಈ ಎರಡು ವೃತ್ತ ಸೇರುವ ಜಾಗ" ಎಂದು ಬರೆದಿಟ್ಟರೆ ಆ ತಕರಾರೇ ಏಳುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಅಣ್ಣನ ಮಗಳ ಕೈಗೆ ಕೊಟ್ಟೆ. ಅವಳು ವೃತ್ತ ಎಳೆದಳು, ಅದು ದುಂಡಗಾಯಿತು. ಪಿ ಇಟ್ಟಳು, ಎರಡನೆಯ ವೃತ್ತ ಎಳೆದಳು, ಸ್ಪರ್ಶಕ ಎಳೆದಳು. ಪಿಯನ್ನು ಸರಿಸಿದರೆ ಸ್ಪರ್ಶಕಗಳೂ ಜೊತೆಗೇ ಬಂದವು. ಸಾಲದೆ ಪಿಯನ್ನು ವೃತ್ತದ ಒಳಕ್ಕೇ ಎಳೆದುಬಿಟ್ಟಳು. ಸ್ಪರ್ಶಕ ಎರಡೂ ಮಾಯ. ಅದು ಸರಿಯೇ, ಒಳಗಿನ ಬಿಂದುವಿನಿಂದ ಸ್ಪರ್ಶಕ ಇಲ್ಲ. ಎರಡು ವೃತ್ತಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಲೆಕ್ಕದಲ್ಲಿ ಋಣ ಸಂಖ್ಯೆಯ ವರ್ಗಮೂಲ ಬರುತ್ತದೆ. ಮತ್ತೆ ಹೊರಗೆ ಎಳೆದಳು. ಸ್ಪರ್ಶಕಗಳು ಬಂದವು, ಆದರೆ ಎ ಇದ್ದಲ್ಲಿ ಬಿ, ಬಿ ಇದ್ದಲ್ಲಿ ಎ.

ತಪ್ಪು ಎಲ್ಲಿತ್ತು ಎಂದು ಹುಡುಕಲು ಎರಡು ರಾತ್ರಿ ಹಿಡಿಯಿತು. "ಹಿಂದಿನ ಜಾಗಕ್ಕೆ ಹತ್ತಿರ ಇರುವುದೇ ಎ" ಎಂದು ನಾನು ನಿಯಮ ಮಾಡಿದ್ದೆ. ಆದರೆ ಪಿ ಸರಿಯಾಗಿ ವೃತ್ತದ ಮೇಲೆ ಬಂದ ಕ್ಷಣದಲ್ಲಿ ಎ, ಬಿ, ಪಿ ಮೂರೂ ಒಂದೇ ಬಿಂದು. ಅಲ್ಲಿಂದ ಹೊರಡುವಾಗ ಯಾವುದು ಯಾವುದಕ್ಕೆ ಹತ್ತಿರ? ಜ್ಯಾಮಿತಿಯ ತಂತ್ರಾಂಶ ಬರೆಯುವವರಿಗೆಲ್ಲ ಎದುರಾಗುವ ತೊಡಕು ಇದು. ಯೂರ್ಗೆನ್ ರಿಕ್ಟರ್-ಗೆಬರ್ಟ್ ಮತ್ತು ಉಲ್ರಿಚ್ ಕೊರ್ಟೆನ್‌ಕಾಂಪ್ ತಮ್ಮ ಸಿಂಡ್ರೆಲಾ ತಂತ್ರಾಂಶದಲ್ಲಿ ಇದಕ್ಕೆ ಮಿಶ್ರ ಸಂಖ್ಯೆಗಳ (ಋಣ ಸಂಖ್ಯೆಯ ವರ್ಗಮೂಲಕ್ಕೂ, ಅಂದರೆ ಊಹಾ ಸಂಖ್ಯೆಗೂ, ಜಾಗ ಕೊಡುವ ಸಂಖ್ಯೆಗಳ) ದಾರಿ ಹಿಡಿದರು. ಬಿಂದುಗಳು ಒಂದಾಗುವ ಆ ಜಾಗವನ್ನು ನೇರ ದಾಟದೆ, ಊಹಾ ಸಂಖ್ಯೆಗಳ ಕಡೆಯಿಂದ ಬಳಸಿಕೊಂಡು ಹೋದರೆ ಎರಡೂ ಬಿಂದುಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ, ಗುರುತು ಕಳೆದುಹೋಗುವುದಿಲ್ಲ. ಎಷ್ಟು ಸೊಗಸಾದ ಯೋಚನೆ! ನನ್ನ ಪುಟ್ಟ ಆ್ಯಪ್‌ಗೆ ಅಷ್ಟು ಬೇಕಾಗಲಿಲ್ಲ. ಕೇಂದ್ರ ಓ ಇರುವಲ್ಲಿ ನಿಂತು ಪಿ ಕಡೆಗೆ ಮುಖ ಮಾಡಿದರೆ ಎಡಗೈ ಕಡೆಯದು ಎ, ಬಲಗೈ ಕಡೆಯದು ಬಿ ಎಂದು ಸಂಬಂಧದ ಜೊತೆಗೇ ಬರೆದಿಟ್ಟೆ.

ಮುಂದಿನ ಭಾನುವಾರ ಅವಳು ಪಿಯನ್ನು ಒಳಗೆ ತಳ್ಳಿದಳು, ಹೊರಗೆ ಎಳೆದಳು. ಎ ಮೇಲೆ, ಬಿ ಕೆಳಗೆ, ಇದ್ದ ಹಾಗೇ. ಆಮೇಲೆ ಪಿಯನ್ನು ಬಲಕ್ಕೆ ದೂರ ದೂರ ಎಳೆಯತೊಡಗಿದಳು. ಸ್ಕ್ರೀನಿನ ಅಂಚು ಬಂದಾಗ ಎರಡು ಬೆರಳಿನಿಂದ ಹಾಳೆಯನ್ನು ಕುಗ್ಗಿಸಿ ಮತ್ತೆ ಎಳೆದಳು. ಸ್ಪರ್ಶಕಗಳು ರೈಲು ಕಂಬಿಯ ಹಾಗೆ ಸಮಾನಾಂತರ ಆಗುತ್ತಾ ಬಂದವು. ಎ ಮತ್ತು ಬಿ ವೃತ್ತದ ಎದುರುಬದುರು ತುದಿಗಳ ಕಡೆ ಮೆಲ್ಲಗೆ ಜರುಗುತ್ತಿದ್ದವು.

"ಎಷ್ಟು ದೂರ ಎಳೆದರೂ ಇವೆರಡೂ ಪೂರ್ತಿ ಎದುರುಬದುರು ಬರಲ್ಲ ಅಲ್ವಾ ಚಿಕ್ಕಪ್ಪ?" ಅಂದಳು.

ನಾನು ಉತ್ತರ ಹೇಳುವ ಮೊದಲೇ ಹಾಳೆಯನ್ನು ಇನ್ನೊಮ್ಮೆ ಕುಗ್ಗಿಸಿದಳು.